ಚುರುಕಿನ ಚಿಕ್ಕ ಸೆಡಾನೋ, ಆರಾಮದ ದೊಡ್ಡ ಸೆಡಾನೋ: ಏನನ್ನು ನೋಡಿ ತೀರ್ಮಾನಿಸಬೇಕು?

ಎರಡು ಮನಸ್ಸು:

ಎಲ್ಲರಿಗೂ ನಮಸ್ಕಾರ. ಹೊಸ ಕಾರು ಕೊಳ್ಳಬೇಕೆಂದು ಹೊರಟು, ಸೋಸಿ ಸೋಸಿ ಕೊನೆಗೆ ಎರಡರ ಮುಂದೆ ಬಂದು ನಿಂತಿದ್ದೇನೆ. ಒಂದು, ಟರ್ಬೊ ಪೆಟ್ರೋಲ್ ಎಂಜಿನ್ನಿನ ಚಿಕ್ಕ ಸೆಡಾನ್; ಅದರಲ್ಲಿಯೂ ಸ್ಪೋರ್ಟ್ ಆವೃತ್ತಿ, ಅಂದರೆ 18 ಇಂಚಿನ ಚಕ್ರಗಳು, ಬಿಗಿಯಾದ ಸಸ್ಪೆನ್ಷನ್ (ಚಕ್ರಕ್ಕೂ ಕಾರಿನ ಮೈಗೂ ನಡುವಿನ ಸ್ಪ್ರಿಂಗ್ ವ್ಯವಸ್ಥೆ), ಕೈಗೆ ತಕ್ಷಣ ಉತ್ತರ ಕೊಡುವ ಸ್ಟೀರಿಂಗ್. ಇನ್ನೊಂದು, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ದೊಡ್ಡ ಸೆಡಾನ್; ಪೆಟ್ರೋಲಿನ ಜೊತೆ ವಿದ್ಯುತ್ ಮೋಟರೂ ಇರುವ ಹೈಬ್ರಿಡ್ ಎಂಜಿನ್, ಹಿಂದೆ ಧಾರಾಳವಾದ ಜಾಗ, ಮೆತ್ತನೆಯ ಓಟ. ಎರಡರ ಬೆಲೆಯೂ ಹತ್ತಿರ ಹತ್ತಿರವೇ ಇರುವುದರಿಂದ ದುಡ್ಡಿನ ಲೆಕ್ಕ ನನಗೆ ದಾರಿ ತೋರಿಸುತ್ತಿಲ್ಲ.

ವಾರದ ದಿನಗಳಲ್ಲಿ ಕಾರಿನಲ್ಲಿ ನಾನೊಬ್ಬನೇ ಇರುತ್ತೇನೆ, ಅರ್ಧ ದಾರಿ ದಟ್ಟಣೆ, ಅರ್ಧ ದಾರಿ ಖಾಲಿ ಹೆದ್ದಾರಿ. ರಜೆಯ ದಿನಗಳಲ್ಲಿ ಹೆಂಡತಿ, ಮಗ ಮತ್ತು ಮಂಡಿ ನೋವಿರುವ ತಾಯಿ ಜೊತೆಗಿರುತ್ತಾರೆ. ಮಗನಿಗೆ ತಿರುವುಗಳಲ್ಲಿ ಹೊಟ್ಟೆ ತೊಳಸುತ್ತದೆ. ಟೆಸ್ಟ್ ಡ್ರೈವ್ ಮಾಡಿದ ದಿನದಿಂದ ಚಿಕ್ಕ ಕಾರು ಮನಸ್ಸಿನಿಂದ ಇಳಿಯುತ್ತಿಲ್ಲ, ಮನೆಯವರನ್ನು ನೆನೆದರೆ ದೊಡ್ಡದೇ ಸರಿ ಎನಿಸುತ್ತದೆ. ಈ ಎರಡು ಬಗೆಯ ಕಾರುಗಳನ್ನೂ ಬಳಸಿದವರು ದಯವಿಟ್ಟು ಹೇಳಿ.

ಮೂರನೇ ಗೇರ್:

ನಾನು ಚಿಕ್ಕ ಸೆಡಾನಿನ ಪರವಾಗಿಯೇ ಬರೆಯುತ್ತೇನೆ, ಅದಕ್ಕೆ ಕಾರಣಗಳನ್ನೂ ಕೊಡುತ್ತೇನೆ. ನೀವು ಕಾರಿನಲ್ಲಿ ಕಳೆಯುವ ಹೊತ್ತಿನಲ್ಲಿ ದೊಡ್ಡ ಪಾಲು ಒಬ್ಬರೇ ಕಳೆಯುವುದು ಎಂದು ನೀವೇ ಹೇಳಿದ್ದೀರಿ. ವರ್ಷದ ಕೆಲವೇ ದಿನ ತುಂಬುವ ಹಿಂದಿನ ಸೀಟಿಗಾಗಿ, ಪ್ರತಿದಿನ ಕುಳಿತುಕೊಳ್ಳುವ ಮುಂದಿನ ಸೀಟಿನ ಸಂತೋಷವನ್ನು ಬಿಟ್ಟುಕೊಡುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಹಗುರ ಎನ್ನುವುದು ಬರೀ ಜಾಹೀರಾತಿನ ಮಾತಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿರುವ 1350 ಕಿಲೋ ತೂಕದ ಕಾರನ್ನು ನಿಲ್ಲಿಸಲು ಬ್ರೇಕುಗಳು ಸುಮಾರು 5.2 ಲಕ್ಷ ಜೂಲ್ ಶಕ್ತಿಯನ್ನು ಶಾಖವಾಗಿ ಕಳೆಯಬೇಕು, 1600 ಕಿಲೋ ತೂಕದ ಕಾರಿಗೆ ಅದು 6.2 ಲಕ್ಷದ ಆಸುಪಾಸು. ದೊಡ್ಡ ಕಾರಿಗೆ ದೊಡ್ಡ ಬ್ರೇಕುಗಳಿರುತ್ತವೆ, ಆದ್ದರಿಂದ ಒಂದು ಸಲದ ಬ್ರೇಕಿನಲ್ಲಿ ವ್ಯತ್ಯಾಸ ಕಾಣಿಸದಿರಬಹುದು, ಆದರೆ ಉದ್ದನೆಯ ಇಳಿಜಾರಿನಲ್ಲಿ ಮತ್ತೆ ಮತ್ತೆ ಒತ್ತುವಾಗ ಆ ಹೆಚ್ಚುವರಿ ತೂಕ ಪಾದಕ್ಕೆ ತಿಳಿಯುತ್ತದೆ. ತಿರುವಿನಲ್ಲಿಯೂ ಹಾಗೆಯೇ. ಚಿಕ್ಕ ಕಾರಿನ ಮೂತಿ ನೀವು ನೋಡಿದ ಕಡೆಗೆ ತಿರುಗುತ್ತದೆ. ಉದ್ದನೆಯ, ಭಾರದ ಕಾರಿನಲ್ಲಿ ಸ್ಟೀರಿಂಗ್ ತಿರುಗಿಸಿದ ಮೇಲೆ ಮೈ ಹಿಂಬಾಲಿಸುವುದಕ್ಕೆ ಒಂದು ಕ್ಷಣ ಹಿಡಿಯುತ್ತದೆ. ಇದನ್ನು ಅಂಕಿಗಳಲ್ಲಿ ಓದಿದರೆ ಏನೂ ಅನ್ನಿಸುವುದಿಲ್ಲ, ಕೈಯಲ್ಲಿ ಅನುಭವಿಸಿದರೆ ಮರೆಯುವುದಿಲ್ಲ.

ಇಕ್ಕಟ್ಟಿನಲ್ಲಿ ನಿಲ್ಲಿಸುವುದು, ಒಂದೇ ಸಲಕ್ಕೆ ಕಾರನ್ನು ಹಿಂದಕ್ಕೆ ತಿರುಗಿಸುವುದು, ಎದುರು ವಾಹನಕ್ಕೆ ದಾರಿ ಬಿಡುವುದು ಇವೆಲ್ಲವೂ ಚಿಕ್ಕ ಕಾರಿನಲ್ಲಿ ಸಲೀಸು. ಓಡಿಸುವವನು ಖುಷಿಯಾಗಿದ್ದರೆ ಎಚ್ಚರವಾಗಿಯೂ ಇರುತ್ತಾನೆ ಎಂಬುದು ನನ್ನ ದೃಢವಾದ ನಂಬಿಕೆ.

ಹಿಂದಿನ ಸೀಟು:

ಮೇಲಿನವರ ಮಾತಿನಲ್ಲಿ ತೂಕವಿದೆ, ಆದರೆ ಅದು ಪೂರ್ತಿ ಸ್ಟೀರಿಂಗ್ ಹಿಡಿದವರ ಮಾತು. ನಾನು ಕಾರು ಓಡಿಸುವುದಿಲ್ಲ, ನನ್ನ ಪ್ರಯಾಣವೆಲ್ಲ ಹಿಂದಿನ ಸೀಟಿನಲ್ಲಿಯೇ ಆಗುತ್ತದೆ, ಆದ್ದರಿಂದ ಅಲ್ಲಿ ಕುಳಿತವರ ಪರವಾಗಿ ಕೆಲವು ಸಂಗತಿಗಳನ್ನು ಹೇಳಬಯಸುತ್ತೇನೆ.

ಮಂಡಿ ನೋವಿರುವವರಿಗೆ ಕಾರಿನ ಕಷ್ಟ ಶುರುವಾಗುವುದು ಕುಳಿತ ಮೇಲಲ್ಲ, ಕುಳಿತುಕೊಳ್ಳುವಾಗ. ಸ್ಪೋರ್ಟಿ ಸೆಡಾನುಗಳಲ್ಲಿ ಚಾವಣಿ ಹಿಂದಕ್ಕೆ ಇಳಿಯುತ್ತಾ ಹೋಗುತ್ತದೆ, ಬಾಗಿಲಿನ ಮೇಲಂಚು ತಲೆಗೆ ಅಡ್ಡ ಬರುತ್ತದೆ, ಸೀಟು ತಗ್ಗಿನಲ್ಲಿರುತ್ತದೆ. ವಯಸ್ಸಾದವರು ಒಂದು ಕೈಯಲ್ಲಿ ಬಾಗಿಲು ಹಿಡಿದು, ತಲೆ ಬಗ್ಗಿಸಿ, ಮಂಡಿ ಮಡಿಸಿ, ಉಳಿದಷ್ಟು ದೂರ ದೊಪ್ಪನೆ ಕುಸಿಯಬೇಕಾಗುತ್ತದೆ. ಇಳಿಯುವಾಗ ಇನ್ನೂ ಕಷ್ಟ, ಏಕೆಂದರೆ ಆಗ ಇಡೀ ಮೈಭಾರವನ್ನು ಆ ಮಂಡಿಗಳೇ ಎತ್ತಬೇಕು. ಹಿಂಬಾಗಿಲು ಎಷ್ಟು ಅಗಲಕ್ಕೆ ತೆರೆಯುತ್ತದೆ, ಬಾಗಿಲಿಗೂ ಸೀಟಿನ ತುದಿಗೂ ನಡುವೆ ಪಾದ ತಿರುಗಿಸಲು ಜಾಗವಿದೆಯೇ, ಕುಳಿತಾಗ ತೊಡೆಯ ಕೆಳಭಾಗಕ್ಕೆ ಸೀಟು ತಾಗುತ್ತದೆಯೇ ಅಥವಾ ಮಂಡಿ ಮೇಲೆದ್ದು ನಿಲ್ಲುತ್ತದೆಯೇ, ಇವನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ.

ನಿಮ್ಮ ತಾಯಿಯವರನ್ನು ಕರೆದುಕೊಂಡು ಹೋಗಿ. ಅವರು ಎರಡೂ ಕಾರುಗಳಲ್ಲಿ ತಾವಾಗಿಯೇ ಹತ್ತಿ ಇಳಿಯಲಿ. ‘ಪರವಾಗಿಲ್ಲ, ಆಗುತ್ತೆ’ ಎಂದು ಅವರು ಹೇಳಿದರೆ ಆ ಮಾತನ್ನಲ್ಲ, ಆಗ ಅವರ ಕೈ ಏನನ್ನು ಹಿಡಿದುಕೊಂಡಿತ್ತು ಎಂಬುದನ್ನು ನೋಡಿ.

ಸ್ಪ್ರಿಂಗ್ ಮತ್ತು ಡ್ಯಾಂಪರ್:

ಇಬ್ಬರೂ ಸರಿಯಾದುದನ್ನೇ ಹೇಳಿದ್ದಾರೆ, ಆದರೆ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಗಂಟು ಬಿದ್ದಿವೆ. ಚಿಕ್ಕದೋ ದೊಡ್ಡದೋ ಎಂಬುದು ಒಂದು. ಬಿಗಿಯೋ ಮೆತ್ತಗೋ ಎಂಬುದು ಇನ್ನೊಂದು. ಇವನ್ನು ಬಿಡಿಸಿಕೊಳ್ಳದೆ ಹೋಲಿಸಿದರೆ ಯಾವ ಗುಣ ಎಲ್ಲಿಂದ ಬಂತೆಂದು ತಿಳಿಯುವುದೇ ಇಲ್ಲ. ನೀವು ಹೋಲಿಸುತ್ತಿರುವುದು ಚಿಕ್ಕ ಕಾರಿನ ಅತ್ಯಂತ ಬಿಗಿಯಾದ ಆವೃತ್ತಿಯನ್ನು ದೊಡ್ಡ ಕಾರಿನ ಅತ್ಯಂತ ಮೆತ್ತಗಿನ ಆವೃತ್ತಿಯೊಂದಿಗೆ.

ಮೊದಲು ಟೈರನ್ನು ನೋಡೋಣ. ಇಂಥ ಚಿಕ್ಕ ಸೆಡಾನಿನ ಸಾಧಾರಣ ಆವೃತ್ತಿಗೆ 215/55 ಆರ್16 ಟೈರು ಬರುವುದು ಸಾಮಾನ್ಯ, ಸ್ಪೋರ್ಟ್ ಆವೃತ್ತಿಗೆ 235/40 ಆರ್18. ಮೊದಲ ಅಂಕಿ ಟೈರಿನ ಅಗಲ ಮಿಲಿಮೀಟರಿನಲ್ಲಿ, ಎರಡನೆಯದು ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು, ಕೊನೆಯದು ಚಕ್ರದ ಇಂಚು. ಎರಡರ ಒಟ್ಟು ವ್ಯಾಸ ಹೆಚ್ಚುಕಡಿಮೆ ಒಂದೇ, 643 ಮತ್ತು 645 ಮಿಲಿಮೀಟರ್. ಆದರೆ ಟೈರಿನ ಪಕ್ಕದ ಗೋಡೆಯ ಎತ್ತರ ಮೊದಲನೆಯದರಲ್ಲಿ 118 ಮಿಲಿಮೀಟರ್, ಎರಡನೆಯದರಲ್ಲಿ 94. ರಸ್ತೆಯ ಏರುಪೇರನ್ನು ಸ್ಪ್ರಿಂಗಿಗಿಂತ ಮೊದಲು ನುಂಗುವುದು ಆ ರಬ್ಬರಿನ ಗೋಡೆ ಮತ್ತು ಅದರೊಳಗಿನ ಗಾಳಿ. 24 ಮಿಲಿಮೀಟರ್ ಕಡಿಮೆಯಾದರೆ ಬಾಣದಂತೆ ತಿರುಗುವ ಚುರುಕು ಬರುತ್ತದೆ ನಿಜ, ಜೊತೆಗೆ ರಸ್ತೆಯ ಪ್ರತಿಯೊಂದು ಬಿರುಕೂ ಸೊಂಟಕ್ಕೆ ತಲುಪುತ್ತದೆ. ಟೆಸ್ಟ್ ಡ್ರೈವಿನಲ್ಲಿ ನಿಮಗೆ ಹಿಡಿಸಿದ್ದರಲ್ಲಿ ಎಷ್ಟು ಪಾಲು ಕಾರಿನದು, ಎಷ್ಟು ಪಾಲು ಟೈರಿನದು ಎಂದು ಒಮ್ಮೆ ಯೋಚಿಸಿ.

ಇನ್ನು ಸ್ಪ್ರಿಂಗ್. ಆರಾಮಕ್ಕೆಂದು ರೂಪಿಸಿದ ಕಾರಿನ ಮೈ ಸೆಕೆಂಡಿಗೆ ಸುಮಾರು ಒಂದರಿಂದ ಒಂದೂಕಾಲು ಸಲ ಮೇಲೆ ಕೆಳಗೆ ತೂಗುವಂತೆ ಸ್ಪ್ರಿಂಗುಗಳನ್ನು ಹೊಂದಿಸುತ್ತಾರೆ; ಸ್ಪೋರ್ಟಿ ಕಾರುಗಳಲ್ಲಿ ಅದು ಒಂದೂವರೆ ದಾಟಿ ಎರಡರ ಕಡೆಗೆ ಹೋಗುತ್ತದೆ. ಮನುಷ್ಯನ ದೇಹ ಕುಳಿತಿರುವಾಗ ಮೇಲೆ ಕೆಳಗಿನ ಅಲುಗಾಟಕ್ಕೆ ಅತಿ ಹೆಚ್ಚು ನೊಂದುಕೊಳ್ಳುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಕಂಪನಕ್ಕೆ. ದೇಹದ ಕಂಪನವನ್ನು ಅಳೆಯುವ ಐಎಸ್‌ಒ 2631 ಮಾನದಂಡವೂ ಕಂಪನದ ಈ ವ್ಯಾಪ್ತಿಗೆ ಹೆಚ್ಚಿನ ತೂಕ ಕೊಡುತ್ತದೆ. ಸ್ಪ್ರಿಂಗ್ ಬಿಗಿಯಾದಷ್ಟೂ, ಸ್ಪ್ರಿಂಗಿನ ತೂಗಾಟವನ್ನು ತಡೆಯುವ ಡ್ಯಾಂಪರ್ ಗಟ್ಟಿಯಾದಷ್ಟೂ, ಈ ವ್ಯಾಪ್ತಿಯ ಕಂಪನ ಹೆಚ್ಚು ಸೋರಿ ಒಳಗೆ ಬರುತ್ತದೆ. ಸ್ಪೋರ್ಟಿ ಕಾರಿನಲ್ಲಿ ದೂರ ಹೋದ ಮೇಲೆ ಬರುವ ಆಯಾಸಕ್ಕೆ ಇದು ದೊಡ್ಡ ಕಾರಣ.

ಹೆಚ್ಚಿನವರು ಗಮನಿಸದ ಇನ್ನೊಂದು ಭಾಗ ಆ್ಯಂಟಿ ರೋಲ್ ಬಾರ್. ಎಡ ಬಲದ ಚಕ್ರಗಳನ್ನು ಜೋಡಿಸುವ ಈ ಸಲಾಕೆ ದಪ್ಪವಾದಷ್ಟೂ ತಿರುವಿನಲ್ಲಿ ಕಾರು ವಾಲುವುದು ಕಡಿಮೆಯಾಗುತ್ತದೆ. ಆದರೆ ಒಂದೇ ಕಡೆಯ ಚಕ್ರ ಗುಂಡಿಗೆ ಇಳಿದಾಗ ಅದೇ ಸಲಾಕೆ ಇನ್ನೊಂದು ಕಡೆಯನ್ನೂ ಎಳೆಯುತ್ತದೆ, ಕುಳಿತವರ ತಲೆ ಎಡಕ್ಕೂ ಬಲಕ್ಕೂ ಒಗೆದಂತೆ ಅಲ್ಲಾಡುತ್ತದೆ. ಓಡಿಸುವವರಿಗೆ ಸ್ಟೀರಿಂಗಿನ ಆಸರೆ ಇರುತ್ತದೆ, ಹಿಂದೆ ಕುಳಿತವರ ಕತ್ತಿಗೆ ಇರುವುದಿಲ್ಲ.

ಇವೆಲ್ಲವೂ ಆವೃತ್ತಿಯಿಂದ ಆವೃತ್ತಿಗೆ ಬದಲಾಗುವಂಥವು. ಟೈರನ್ನಂತೂ ನೀವೇ ಬದಲಾಯಿಸಬಹುದು. ಬದಲಾಯಿಸಲು ಆಗದೇ ಇರುವುದು ಕಾರಿನ ಮೈಕಟ್ಟು. ಈಗಿನ ಹೋಂಡಾ ಸಿವಿಕ್ ಸೆಡಾನಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2735 ಮಿಲಿಮೀಟರ್, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಅಕಾರ್ಡಿನದು 2830. ಬಿಎಂಡಬ್ಲ್ಯು 3 ಸೀರೀಸಿನದು 2851, ಅದಕ್ಕಿಂತ ದೊಡ್ಡದಾದ ಈಗಿನ 5 ಸೀರೀಸಿನದು 2995. ರಸ್ತೆಯ ಉಬ್ಬಿನ ಮೇಲೆ ಮುಂದಿನ ಚಕ್ರ ಹತ್ತಿದಾಗ ಕಾರು ಎಷ್ಟು ಓರೆಯಾಗುತ್ತದೆ ಎನ್ನುವುದು ಈ ಅಂತರಕ್ಕೆ ವಿರುದ್ಧವಾಗಿ ಹೋಗುತ್ತದೆ: ಅಂತರ ಹೆಚ್ಚಾದಷ್ಟೂ ಓಲಾಟ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಹಿಂದೆ ಕುಳಿತವರ ಸೊಂಟ ಹಿಂದಿನ ಆ್ಯಕ್ಸಲಿಗೆ ಎಷ್ಟು ಹತ್ತಿರವಿದೆ ಎಂದು ನೋಡಿ. ಹತ್ತಿರವಿದ್ದಷ್ಟೂ ಆ ಚಕ್ರದ ಪ್ರತಿ ಏಟೂ ನೇರವಾಗಿ ಅವರಿಗೆ ಸೇರುತ್ತದೆ.

ಈ ವಿಷಯಕ್ಕೆ ಒಂದು ಹಳೆಯ ಕಥೆಯೂ ಇದೆ. ರೋಲ್ಸ್ ರಾಯ್ಸಿನಿಂದ ಜನರಲ್ ಮೋಟರ್ಸಿಗೆ ಬಂದ ಮಾರಿಸ್ ಓಲಿ ಎಂಬ ಎಂಜಿನಿಯರ್ 1930ರ ದಶಕದ ಆರಂಭದಲ್ಲಿ, ತೂಕದ ಹಂಚಿಕೆಯನ್ನು ಬೇಕಾದಂತೆ ಬದಲಿಸಬಹುದಾದ ಒಂದು ಪ್ರಯೋಗದ ಕಾರನ್ನು ಮಾಡಿಸಿ, ಜನರನ್ನು ಕೂರಿಸಿ ಓಡಿಸಿ, ಮುಂದಿನ ಸ್ಪ್ರಿಂಗುಗಳು ಹಿಂದಿನವಕ್ಕಿಂತ ಮೆತ್ತಗಿದ್ದರೆ ಕಾರು ಮುಗ್ಗರಿಸದೆ ಸಮತಟ್ಟಾಗಿ ತೇಲುತ್ತದೆ ಎಂದು ಕಂಡುಕೊಂಡರು. ಮುಂದಿನ ಚಕ್ರ ಉಬ್ಬನ್ನು ಮೊದಲು ಹತ್ತುತ್ತದೆ, ಹಿಂದಿನದು ತಡವಾಗಿ ಹತ್ತುತ್ತದೆ. ಹಿಂಭಾಗ ತುಸು ಬೇಗ ತೂಗಿದರೆ ಸ್ವಲ್ಪ ಹೊತ್ತಿನಲ್ಲಿಯೇ ಎರಡೂ ಒಂದೇ ಲಯಕ್ಕೆ ಬರುತ್ತವೆ. ಇಂದಿಗೂ ಆರಾಮದ ಕಾರುಗಳ ಹಿಂದೆ ಇದೇ ತತ್ವವಿದೆ.

ಆದ್ದರಿಂದ ನನ್ನ ಸಲಹೆ ಇಷ್ಟು: ಬದಲಾಯಿಸಲಾಗದ ಸಂಗತಿಗಳನ್ನು ನೋಡಿ ಮೈಕಟ್ಟನ್ನು ಆರಿಸಿಕೊಳ್ಳಿ, ಅಂದರೆ ಬಾಗಿಲು, ಸೀಟಿನ ಎತ್ತರ, ಚಕ್ರಾಂತರ, ತೂಕ. ಆಮೇಲೆ ಆವೃತ್ತಿ ಮತ್ತು ಟೈರಿನಿಂದ ನಿಮಗೆ ಬೇಕಾದ ಸ್ವಭಾವದ ಕಡೆಗೆ ಅದನ್ನು ವಾಲಿಸಿ. ಇದು ತಿರುಗುಮುರುಗಾದರೆ, ಚಕ್ರದ ಅಂದ ನೋಡಿ ಕಾರು ಕೊಂಡಂತೆ ಆಗುತ್ತದೆ.

ಮೂರನೇ ಗೇರ್:

ವಿವರಕ್ಕೆ ಧನ್ಯವಾದ, ಬಹಳಷ್ಟನ್ನು ಒಪ್ಪುತ್ತೇನೆ. ಆದರೆ ನಿಮ್ಮ ಪಟ್ಟಿಯಲ್ಲಿ ತೂಕವನ್ನೂ ಸೇರಿಸಿದ್ದೀರಿ ಎಂಬುದನ್ನು ನಾನು ಬಿಡುವುದಿಲ್ಲ. ದೊಡ್ಡ ಕಾರಿಗೆ ಎಂಥ ಟೈರು ಹಾಕಿದರೂ ಅದು ಹಗುರವಾಗುವುದಿಲ್ಲ. ಚಿಕ್ಕ ಕಾರಿನ ಬಿಗಿ ಆವೃತ್ತಿಯನ್ನು ಮೆತ್ತಗೆ ಮಾಡುವುದು ಸುಲಭ, ಭಾರದ ಕಾರಿಗೆ ಚುರುಕು ತುಂಬುವುದು ಕಷ್ಟ. ಹಾಗಾಗಿ ನಿಮ್ಮದೇ ತರ್ಕ ಚಿಕ್ಕ ಕಾರಿನ ಸಾಧಾರಣ ಆವೃತ್ತಿಯ ಕಡೆಗೂ ಕರೆದೊಯ್ಯುತ್ತದೆಯಲ್ಲವೇ?

ಇನ್ನೊಂದು ಮಾತು. ಚಿಕ್ಕದು ಎಂಬ ಹೆಸರು ಕೇಳಿ ಹೆದರಬೇಕಾಗಿಲ್ಲ. 1972ರಲ್ಲಿ ಬಂದ ಮೊದಲ 5 ಸೀರೀಸಿನ ಉದ್ದ 4620 ಮಿಲಿಮೀಟರ್. ಈ ತಲೆಮಾರಿನ 3 ಸೀರೀಸ್ 4700 ದಾಟಿದೆ. ಒಂದು ಕಾಲದ ದೊಡ್ಡ ಕಾರಿನಷ್ಟು ಉದ್ದ ಇಂದಿನ ಚಿಕ್ಕ ಕಾರಿಗಿದೆ.

ಸ್ಪ್ರಿಂಗ್ ಮತ್ತು ಡ್ಯಾಂಪರ್:

ಹೌದು, ಆ ಕಡೆಗೂ ಕರೆದೊಯ್ಯುತ್ತದೆ, ಮತ್ತು ಅದು ಒಳ್ಳೆಯ ಆಯ್ಕೆಯೇ. ಚಿಕ್ಕ ಸೆಡಾನು, 16 ಇಂಚಿನ ಚಕ್ರ, ಸಾಧಾರಣ ಸ್ಪ್ರಿಂಗ್: ಬಹಳ ಮಂದಿಗೆ ಅಷ್ಟೇ ಸಾಕು. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಕೆಲವು ಮಾದರಿಗಳಲ್ಲಿ ಆವೃತ್ತಿ ಬದಲಾದರೆ ಹಿಂದಿನ ಸಸ್ಪೆನ್ಷನ್ನಿನ ಬಗೆಯೇ ಬದಲಾಗುತ್ತದೆ. ಫೋಕ್ಸ್‌ವ್ಯಾಗನ್ ಜೆಟ್ಟಾದ ಏಳನೇ ತಲೆಮಾರಿನಲ್ಲಿ ಸಾಧಾರಣ ಆವೃತ್ತಿಗೆ ಹಿಂದೆ ಎರಡು ಚಕ್ರಗಳನ್ನೂ ಜೋಡಿಸುವ ಟಾರ್ಷನ್ ಬೀಮ್ ಇದೆ, ಸ್ಪೋರ್ಟಿಯಾದ ಜಿಎಲ್‌ಐಗೆ ಪ್ರತಿ ಚಕ್ರವೂ ಬೇರೆಯಾಗಿ ಚಲಿಸುವ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇದೆ. ಕೆಳಗಿನ ಆವೃತ್ತಿಗೆ ಇಳಿದರೆ ಟೈರಿನ ಮೆತ್ತನೆ ಸಿಗುತ್ತದೆ, ಹಿಂಚಕ್ರದ ನಯ ಹೋಗಬಹುದು. ಕೊಳ್ಳುವ ಮುನ್ನ ತಾಂತ್ರಿಕ ವಿವರದ ಪುಟದಲ್ಲಿ ಇದೊಂದು ಸಾಲನ್ನು ಹುಡುಕಿ ಓದಿ.

ದೂರದ ದಾರಿ:

ನಾನು ಎರಡೂ ಬಗೆಯ ಕಾರುಗಳನ್ನು ವರ್ಷಗಟ್ಟಲೆ ಓಡಿಸಿದ್ದೇನೆ. ಹೆದ್ದಾರಿಯ ಬಗ್ಗೆ ಹೇಳಬೇಕಾದುದನ್ನು ಹೇಳುತ್ತೇನೆ. ದೂರದ ಪ್ರಯಾಣದಲ್ಲಿ ನನ್ನನ್ನು ಹಣ್ಣು ಮಾಡಿದ್ದು ಕುಲುಕಾಟಕ್ಕಿಂತ ಹೆಚ್ಚಾಗಿ ಸದ್ದು. ಅಗಲವಾದ, ತೆಳುಗೋಡೆಯ ಟೈರುಗಳು ಒರಟು ಡಾಂಬರಿನ ಮೇಲೆ ಹೊರಡಿಸುವ ಗೊಂಯ್ ಎಂಬ ಸದ್ದಿಗೆ ಮೊದಲ ಗಂಟೆ ಕಿವಿ ಒಗ್ಗಿಕೊಂಡಂತೆ ಇರುತ್ತದೆ, ಮೂರನೇ ಗಂಟೆಗೆ ತಲೆ ಭಾರವಾಗಿರುತ್ತದೆ. ದೊಡ್ಡ ಸೆಡಾನುಗಳಲ್ಲಿ ಕಿಟಕಿಗೆ ಎರಡು ಪದರದ ಗಾಜು, ಚಕ್ರದ ಕಮಾನಿಗೆ ದಪ್ಪನೆಯ ಹೊದಿಕೆ, ಬಾಗಿಲಿಗೆ ಇನ್ನೊಂದು ಸಾಲು ರಬ್ಬರು ಇವನ್ನು ಹಾಕಲು ತೂಕ ಮತ್ತು ಖರ್ಚಿನ ಅವಕಾಶ ಇರುತ್ತದೆ. ಮೂರು ಡೆಸಿಬೆಲ್ ಕಡಿಮೆ ಎಂದರೆ ಸದ್ದಿನ ಶಕ್ತಿ ಅರ್ಧಕ್ಕೆ ಇಳಿದಂತೆ, ಅಂಥ ಚಿಕ್ಕ ಅಂಕಿಯನ್ನು ಉಪೇಕ್ಷಿಸಬೇಡಿ. ಟೆಸ್ಟ್ ಡ್ರೈವಿನಲ್ಲಿ ರೇಡಿಯೊ ಆರಿಸಿ, ಮಾರಾಟಗಾರರಿಗೆ ಸ್ವಲ್ಪ ಸುಮ್ಮನಿರಲು ವಿನಯದಿಂದ ಹೇಳಿ, ಹಿಂದೆ ಕುಳಿತವರೊಡನೆ ಸಹಜ ದನಿಯಲ್ಲಿ ಮಾತನಾಡಿ ನೋಡಿ.

ಮಗನ ಹೊಟ್ಟೆ ತೊಳಸುವಿಕೆಯ ಬಗ್ಗೆಯೂ ಒಂದು ಮಾತು. ಅದಕ್ಕೆ ಕಾರಣವಾಗುವುದು ಗಡಗಡ ಅಲುಗಾಟವಲ್ಲ, ಬಹಳ ನಿಧಾನದ ತೂಗಾಟ: ಐದು ಸೆಕೆಂಡಿಗೊಮ್ಮೆ ಬಂದು ಹೋಗುವಂಥದ್ದು ಎಲ್ಲಕ್ಕಿಂತ ಕೆಟ್ಟದ್ದು. ಅದು ಹುಟ್ಟುವುದು ಸ್ಪ್ರಿಂಗಿನಿಂದ ಅಷ್ಟಾಗಿ ಅಲ್ಲ, ಓಡಿಸುವವರ ಬಲಗಾಲಿನಿಂದ ಮತ್ತು ಸ್ಟೀರಿಂಗಿನಿಂದ. ವೇಗ ಏರಿಸಿ, ಬ್ರೇಕ್ ಹಾಕಿ, ತಿರುಗಿಸಿ, ಮತ್ತೆ ಏರಿಸುವ ಲಯ ಆ ಮಿತಿಯಲ್ಲಿಯೇ ಬೀಳುತ್ತದೆ. ಚುರುಕಿನ ಕಾರು ಆ ಆಸೆಯನ್ನು ಹುಟ್ಟಿಸುತ್ತದೆ ಎಂಬುದು ನಿಜ, ಆದರೆ ಮೆಲ್ಲನೆ ಓಡಿಸಿದರೆ ಯಾವ ಕಾರಿನಲ್ಲಾದರೂ ಮಗ ನಿದ್ದೆ ಹೋಗಬಹುದು. ಅವನಿಗೆ ಹೊರಗಿನ ದಾರಿ ಚೆನ್ನಾಗಿ ಕಾಣುವಂತಿರಬೇಕು. ಕಿಟಕಿಯ ಕೆಳಅಂಚು ಎತ್ತರವಿರುವ ಸ್ಪೋರ್ಟಿ ವಿನ್ಯಾಸಗಳು ಇಲ್ಲಿ ಮಕ್ಕಳಿಗೆ ಅನ್ಯಾಯ ಮಾಡುತ್ತವೆ.

ಸ್ಪ್ಯಾನರ್:

ದುರಸ್ತಿಯ ಕೆಲಸ ಮಾಡುವವನಾಗಿ ಚುಟುಕಾಗಿ ಬರೆಯುತ್ತೇನೆ. ತೆಳುಗೋಡೆಯ ಟೈರಿನ ಕಾರುಗಳು ಗುಂಡಿಗೆ ಬಿದ್ದು ರಿಮ್ ಸೊಟ್ಟಗಾಗಿ, ಟೈರಿನ ಪಕ್ಕದಲ್ಲಿ ಗುಳ್ಳೆ ಎದ್ದು ಬರುವುದು ನಮಗೆ ದಿನನಿತ್ಯದ ನೋಟ. ಗುಳ್ಳೆ ಎದ್ದ ಟೈರಿಗೆ ದುರಸ್ತಿ ಇಲ್ಲ, ಬದಲಾಯಿಸಲೇಬೇಕು. ದೊಡ್ಡ ಕಾರಿನ ಬ್ರೇಕು, ಟೈರು, ಸಸ್ಪೆನ್ಷನ್ ಭಾಗಗಳು ದುಬಾರಿ, ಆದರೆ ಮೆತ್ತಗಿನ ಟೈರಿದ್ದರೆ ಆ ಭಾಗಗಳಿಗೆ ಏಟು ಕಡಿಮೆ.

ದಟ್ಟಣೆಯಲ್ಲಿ ಅರ್ಧ ದಾರಿ ಎಂದಿದ್ದೀರಿ, ಹಾಗಾದರೆ ಗೇರ್‌ಬಾಕ್ಸ್ ಯಾವುದೆಂದು ಕೇಳಿ. ಎರಡು ಕ್ಲಚ್ಚುಗಳಿಂದ ತಾನಾಗಿಯೇ ಗೇರ್ ಬದಲಿಸುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ವೇಗದಲ್ಲಿ ಬೆಣ್ಣೆಯಂತೆ ಬದಲಾಗುತ್ತದೆ, ಆದರೆ ತೆವಳುವ ಸಾಲಿನಲ್ಲಿ ಕ್ಲಚ್ ಅರ್ಧ ಹಿಡಿದು ಅರ್ಧ ಬಿಡುತ್ತಲೇ ಇರಬೇಕಾಗುವುದರಿಂದ ಜರ್ಕು ಬರುವುದು, ಕಾಯುವುದು ಉಂಟು. ದೊಡ್ಡ ಕಾರು ಹೆಚ್ಚು ಇಂಧನ ಕುಡಿಯುತ್ತದೆ ಎಂಬ ಮಾತನ್ನೂ ಕಣ್ಣು ಮುಚ್ಚಿ ನಂಬಬೇಡಿ. 2.5 ಲೀಟರ್ ಹೈಬ್ರಿಡ್ ಟೊಯೊಟಾ ಕ್ಯಾಮ್ರಿಯಂಥ ಕಾರು ನಿಂತು ಹೊರಡುವ ಸಂಚಾರದಲ್ಲಿ, ಬ್ರೇಕಿನ ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುವ ಕಾರಣಕ್ಕೆ, ಎಷ್ಟೋ ಚಿಕ್ಕ ಪೆಟ್ರೋಲ್ ಕಾರುಗಳಿಗಿಂತ ಕಡಿಮೆ ಕುಡಿಯುತ್ತದೆ.

ಎರಡು ಮನಸ್ಸು:

ಎಲ್ಲರ ಉತ್ತರಗಳನ್ನೂ ಹೆಂಡತಿಯೊಂದಿಗೆ ಕುಳಿತು ಓದಿ, ತಾಯಿಯವರನ್ನು ಕರೆದುಕೊಂಡು ಹೋಗಿ ಬಂದೆವು. ಈ ಸಲ ನಾನು ಹಿಂದೆ ಕುಳಿತೆ, ಹೆಂಡತಿ ಓಡಿಸಿದಳು. ಚಿಕ್ಕ ಕಾರಿನ 16 ಇಂಚಿನ ಚಕ್ರದ ಆವೃತ್ತಿಯನ್ನೂ ಕೇಳಿ ಓಡಿಸಿ ನೋಡಿದೆವು. ಸ್ಪೋರ್ಟ್ ಆವೃತ್ತಿಗೆ ಹೋಲಿಸಿದರೆ ಅದರ ಓಟ ನಿಜಕ್ಕೂ ಬೇರೆಯೇ, ಕುಲುಕಾಟದ ದೃಷ್ಟಿಯಿಂದ ನನ್ನ ತಕರಾರು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಾಗಿಲು ಅದೇ ಬಾಗಿಲು. ಅಮ್ಮ ‘ಚೆನ್ನಾಗಿದೆ’ ಎಂದೇ ಹೇಳಿದರು, ಆದರೆ ಇಳಿಯುವಾಗ ಅವರ ಎಡಗೈ ಬಾಗಿಲಿನ ಕಂಬವನ್ನೂ ಬಲಗೈ ಮುಂದಿನ ಸೀಟಿನ ತಲೆದಿಂಬನ್ನೂ ಹಿಡಿದಿತ್ತು, ಒಂದೇ ಸಲಕ್ಕೆ ಏಳಲು ಆಗಲಿಲ್ಲ. ದೊಡ್ಡ ಕಾರಿನಲ್ಲಿ ಎರಡೂ ಪಾದಗಳನ್ನು ಹೊರಗಿಟ್ಟು, ಬಾಗಿಲಿನ ಹಿಡಿಯೊಂದನ್ನೇ ಆಧರಿಸಿ ಎದ್ದು ನಿಂತರು.

ದೊಡ್ಡ ಕಾರನ್ನೇ ತೆಗೆದುಕೊಳ್ಳುತ್ತಿದ್ದೇವೆ, ಅದರ 17 ಇಂಚಿನ ಚಕ್ರದ ಆವೃತ್ತಿಯನ್ನು. ಮೂರನೇ ಗೇರ್ ಅವರು ಹೇಳಿದ ಸಂತೋಷವನ್ನು ನಾನು ಕಳೆದುಕೊಳ್ಳುತ್ತಿದ್ದೇನೆ ಎಂಬುದು ಗೊತ್ತು, ಅದಕ್ಕೆ ಬೇಸರವೂ ಇದೆ. ಹಾಗಾಗಿ ಕೊನೆಯ ಪ್ರಶ್ನೆ: ಕಂಪನಿಯ ಟೈರು ಸವೆದ ಮೇಲೆ ಚಕ್ರದ ಅಳತೆ ಬದಲಿಸದೆ, ಆರಾಮವನ್ನು ಕೆಡಿಸದೆ, ಸ್ಟೀರಿಂಗಿಗೆ ಸ್ವಲ್ಪ ಚುರುಕು ತರಬಹುದೇ?

ಸ್ಪ್ಯಾನರ್:

ತರಬಹುದು. ಹೈಬ್ರಿಡ್ ಕಾರುಗಳಿಗೆ ಕಂಪನಿಯಿಂದ ಬರುವ ಟೈರು ಹೆಚ್ಚಾಗಿ ಇಂಧನ ಉಳಿಸಲು ರೂಪಿಸಿದ್ದು, ಉರುಳುವ ತಡೆ ಕಡಿಮೆ, ಹಿಡಿತವೂ ಸಾಧಾರಣ. ಅದೇ ಅಳತೆಯಲ್ಲಿ ದೂರಪ್ರಯಾಣಕ್ಕೆಂದು ರೂಪಿಸಿದ ಒಳ್ಳೆಯ ಟೂರಿಂಗ್ ಟೈರು ಹಾಕಿದರೆ ಒದ್ದೆ ರಸ್ತೆಯ ಬ್ರೇಕಿನಲ್ಲಿಯೂ ತಿರುವಿನಲ್ಲಿಯೂ ವ್ಯತ್ಯಾಸ ತಿಳಿಯುತ್ತದೆ, ಮೈಲೇಜ್ ಸ್ವಲ್ಪ ಇಳಿಯುತ್ತದೆ. ಟೈರು ಎಷ್ಟು ಭಾರ ಹೊರಬಲ್ಲದು ಎಂದು ಸೂಚಿಸುವ, ಅದರ ಮೇಲಿನ ಲೋಡ್ ಇಂಡೆಕ್ಸ್ ಕಂಪನಿ ಹೇಳಿದ ಅಂಕಿಗಿಂತ ಕಡಿಮೆ ಇರಬಾರದು, ಹೈಬ್ರಿಡ್ ಕಾರಿನ ತೂಕಕ್ಕೆ ಇದು ಮುಖ್ಯ. ಚಾಲಕರ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿನ ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗ ತುಂಬಿಸಿ. ಚುರುಕು ಬರಲೆಂದು ಅದಕ್ಕಿಂತ ಹೆಚ್ಚು ತುಂಬಿಸಿದರೆ ಟೈರಿನ ನಡುಭಾಗ ಬೇಗ ಸವೆಯುತ್ತದೆ, ಅಮ್ಮನವರಿಗೆ ಸಿಕ್ಕ ಮೆತ್ತನೆಯೂ ಹೋಗುತ್ತದೆ.

ಮೂರನೇ ಗೇರ್:

ಒಳ್ಳೆಯ ತೀರ್ಮಾನ. ಒಬ್ಬರೇ ಇರುವಾಗ ಡ್ರೈವ್ ಮೋಡನ್ನು ಸ್ಪೋರ್ಟಿಗೆ ಹಾಕಿ ನೋಡಿ. ಸಾಧಾರಣ ಡ್ಯಾಂಪರುಗಳಿದ್ದರೆ ಅದು ಸಸ್ಪೆನ್ಷನ್ನನ್ನು ಮುಟ್ಟುವುದಿಲ್ಲ. ಕಾಲಿಗೆ ಎಂಜಿನ್ ಕೊಡುವ ಉತ್ತರವನ್ನು ಚುರುಕಾಗಿಸುತ್ತದೆ, ಹಲವು ಕಾರುಗಳಲ್ಲಿ ಸ್ಟೀರಿಂಗಿನ ಭಾರವನ್ನೂ ಹೆಚ್ಚಿಸುತ್ತದೆ. ಖಾಲಿ ಹೆದ್ದಾರಿಯ ಆ ಅರ್ಧ ದಾರಿಗೆ ಅಷ್ಟಾದರೂ ಸಿಗಲಿ.